ನನಗಿಂತ ಹೆಚ್ಚಾಗಿ

ದಿಂಡುಗಲ್ಲು,
೧೮೯೪ನೇ ಇಸವಿ ಫೆಬ್ರವರಿ ೧೧, ಭಾನುವಾರ

ಪ್ರೀತಿಯ ಅಣ್ಣ ಮಾಯಾಂಡಿಗೆ,

ನಿನ್ನ ತಮ್ಮ ದುರೈ ಕಾಲುಮುಟ್ಟಿ ಬರೆಯುವುದೇನೆಂದರೆ, ನಾನು ಇಲ್ಲಿ ಸುಖವಾಗಿದ್ದೇನೆ. ನಿನ್ನ ಜ್ವರ ಹೇಗಿದೆ? ದಿನ ಬಿಟ್ಟು ದಿನ ನಡುಕ ಬರುತ್ತದೆಂದು ಗಾಡಿ ಹೊಡೆಯುವ ತಂಗರಾಜ್ ಹೇಳಿದ. ಈಗಲೂ ಹಾಗೆಯೇ ಇದೆಯೋ, ಸ್ವಲ್ಪ ಇಳಿದಿದೆಯೋ? ಅಣೆಕಟ್ಟಿನ ಆಸ್ಪತ್ರೆಯಲ್ಲಿ ಕೊಡುವ ಬಿಳಿ ಪುಡಿ ಬೇವಿಗಿಂತಲೂ ಕಹಿಯಂತೆ. ನೀನು ಚಿಕ್ಕಂದಿನಲ್ಲಿ ಕಷಾಯವನ್ನು ಬಾಯಲ್ಲಿ ಇಟ್ಟುಕೊಂಡು ಹಿತ್ತಲಿಗೆ ಹೋಗಿ ಉಗುಳುತ್ತಿದ್ದವನು, ಈ ಪುಡಿಯನ್ನು ಹಾಗೆ ಮಾಡಬೇಡ. ಗಂಜಿಯನ್ನಾದರೂ ಕುಡಿ. ಉತ್ತರ ಬರೆದು ದಣಿಯಬೇಡ, ಈ ಕಾಗದ ತರುವ ತಂಗರಾಜನ ಹತ್ತಿರ ಬಾಯಿಮಾತಲ್ಲಿ ಹೇಳಿಕಳುಹಿಸಿದರೆ ಸಾಕು.

ಊರಿನಲ್ಲಿ ಎಲ್ಲರೂ ಕ್ಷೇಮ. ಎಮ್ಮೆ ಹೆಣ್ಣುಗರು ಹಾಕಿದೆ. ವಳ್ಳಿ ಅತ್ತಿಗೆ ಬಾವಿಯ ಪಕ್ಕದ ತುಂಡಿನಲ್ಲಿ ತಾನೇ ನಿಂತು ರಾಗಿ ನಾಟಿ ಮಾಡಿಸಿದ್ದಾಳೆ. ಎತ್ತುಗಳು ನಿನ್ನ ದನಿ ಕೇಳದೆ ಬಾವಿಯ ಕಪಿಲೆ ಎಳೆಯಲು ಮೊಂಡು ಹಿಡಿಯುತ್ತವೆಂದು ಅಮ್ಮ ಹೇಳಿದಳು. ಅದು ಎತ್ತುಗಳ ಮಾತೋ ಅತ್ತಿಗೆಯ ಮಾತೋ ನಾನರಿಯೆ.

ಅಮ್ಮ ಇಲ್ಲಿಗೆ ಬಂದಿದ್ದಳು ಎಂಬುದು ನಿನಗೆ ಗೊತ್ತಿರಲಾರದು. ಪೊಂಗಲ್ ಕಳೆದ ನಾಲ್ಕನೆಯ ದಿನ ಓಡೈಪಟ್ಟಿಯಿಂದ ಬತ್ತಲಗುಂಡಿನ ಸಂತೆಗೆ ಹೊರಟ ಗಾಡಿ ಹತ್ತಿ, ಅಲ್ಲಿಂದ ಇನ್ನೊಂದು ಗಾಡಿ ಹಿಡಿದು, ಒಬ್ಬಳೇ ಶಾಲೆಯ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ನನಗೆಂದು ಕಟ್ಟಿ ತಂದ ಎಳ್ಳುಂಡೆ. ಕಣ್ಣು ಮಾತ್ರ ನನ್ನ ಮೇಲಿರಲಿಲ್ಲ. "ಇಂಗ್ಲೀಸ್ ಓದ್ತೀಯಲ್ಲ ಪಾ, ಅಣೆ ಕಟ್ಟಿಸೋ ಆ ದೊರೆಗೆ ಒಂದು ಕಾಗಿತ ಬರೆ. ನನ್ನ ಮಗನ್ನ ಮಲೆಯಿಂದ ಇಳಿಸಿ ಕಳಿಸು ಅನ್ನು," ಎಂದಳು. ಕೆಲಸದ ಕಾಲ ಮುಗಿಯುವ ಮುಂಚೆ ಅಣೆಕಟ್ಟಿನ ಆಳುಗಳು ದೊರೆಯ ಅಪ್ಪಣೆಯಿಲ್ಲದೆ ಇಳಿಯುವಂತಿಲ್ಲವೆಂದು ತಂಗರಾಜ್ ಅವಳಿಗೆ ಹೇಳಿದ್ದನಂತೆ. ನಾನು ಆಗಲೇ ಕುಳಿತು ಒಂದು ಹಾಳೆ ತುಂಬ ಅರ್ಜಿ ಬರೆದೆ. ಅಮ್ಮ ಪಕ್ಕದಲ್ಲಿ ಕುಳಿತು, ಒಂದಕ್ಷರವೂ ತಿಳಿಯದಿದ್ದರೂ, ಲೇಖನಿ ಹೋದ ಕಡೆಗೆಲ್ಲ ಕಣ್ಣು ಹಾಯಿಸುತ್ತಿದ್ದಳು. ತರಗತಿಯಲ್ಲಿ ಇಂಗ್ಲಿಷಿಗೆ ನಾನೇ ಮೊದಲಿಗನೆಂಬ ಜಂಬ ನನಗೆ. ಎರಡನೆಯ ಸಲ ಓದಿಯೂ ನೋಡದೆ ಟಪಾಲಿಗೆ ಹಾಕಿಬಿಟ್ಟೆ.

ಒಂಬತ್ತು ದಿನದ ಮೇಲೆ ಅದೇ ಹಾಳೆ ತಿರುಗಿ ಬಂತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಯಾರೋ ಗುಮಾಸ್ತರು ಎರಡು ಪ್ರಶ್ನೆ ಬರೆದಿದ್ದರು. ಕಾಯಿಲೆ ಒಬ್ಬನಿಗೋ, ಎಲ್ಲ ಆಳುಗಳಿಗೋ? ತಾಯಿ ಕರೆಯುತ್ತಿರುವುದು ಯಾರನ್ನು? ಅಣ್ಣ, ನನಗೆ ಭೂಮಿ ಬಾಯಿಬಿಟ್ಟಂತಾಯಿತು. ನೀನು ಅಲ್ಲಿ ನಡುಗುತ್ತ ಮಲಗಿರುವಾಗ ನನ್ನ ಜಂಬ ಒಂಬತ್ತು ದಿನ ನುಂಗಿಹಾಕಿತ್ತು.

ಹಾಳೆ ಹಿಡಿದುಕೊಂಡು ನಮಗೆ ಇಂಗ್ಲಿಷ್ ಕಲಿಸುವ ಅರುಳಪ್ಪ ವಾತಿಯಾರ ಮನೆಗೆ ಓಡಿದೆ. ಅವರು ತಿಣ್ಣೆಯ ಮೇಲೆ ಕುಳಿತು ಎರಡು ಸಲ ಓದಿದರು. ಬೈಯಲಿಲ್ಲ. ನಾನು ಬರೆದದ್ದು, ನನ್ನ ಅಣ್ಣನ ಜ್ವರ ಬೇರೆ ಆಳುಗಳಿಗಿಂತ ಹೆಚ್ಚು ಎಂದು. "ಜ್ವರವನ್ನು ಆಳುಗಳ ಪಕ್ಕ ನಿಲ್ಲಿಸಿ ಅಳೆಯುತ್ತೀಯೇನಪ್ಪ? ಅಣ್ಣನ ಜ್ವರವನ್ನು ಆಳುಗಳ ಜ್ವರದ ಜೊತೆ ಅಳೆ," ಎಂದರು. ಅದನ್ನು ತಿದ್ದಿದೆ. ಕೆಳಗಿನ ಸಾಲಿನಲ್ಲಿ ನೀನು ಬಲಹೀನನು, ಕೆಮ್ಮುತ್ತೀ, ಊಟ ಮಾಡುವುದು ಆಗದು ಎಂದು ಮೂರು ಸಂಗತಿಯನ್ನು ಮೂರು ದಾರಿಯಲ್ಲಿ ಹೇಳಿದ್ದೆ. ಒಂದೇ ಸಾಲಿನಲ್ಲಿ ಬರುವ ಮಾತುಗಳಿಗೆ ಒಂದೇ ನಡಿಗೆ ಇರಬೇಕು, ಇಲ್ಲವಾದರೆ ಓದುವವನು ಎಡವುತ್ತಾನೆ ಎಂದರು. ತಿದ್ದಿ ಬರೆದೆ: ಅವನು ನಡೆಯಲಾರ, ಉಣ್ಣಲಾರ, ನಿದ್ರಿಸಲಾರ. ಅಲ್ಲಿಯವರೆಗೆ ನಿನ್ನ ಕಾಯಿಲೆ ನನಗೆ ಒಂದು ಸುದ್ದಿಯಾಗಿತ್ತು. ಆ ಮೂರು ಮಾತಿನಲ್ಲಿ ನಿನ್ನನ್ನು ಕಣ್ಣಾರೆ ಕಂಡೆ.

ಕೊನೆಯ ಸಾಲು ಉಳಿದಿತ್ತು. 'ಮೈ ಮದರ್ ವಾಂಟ್ಸ್ ಹಿಮ್ ಮೋರ್ ದ್ಯಾನ್ ಮಿ' ಎಂದು ಬರೆದಿದ್ದೆ. ನನ್ನ ತಾಯಿ ಅವನನ್ನು ನನಗಿಂತ ಹೆಚ್ಚಾಗಿ ಬಯಸುತ್ತಾಳೆ. ವಾತಿಯಾರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಇದರಲ್ಲಿ ಎರಡು ಅರ್ಥ ಇದೆ ದುರೈ. ನೀನು ಅಣ್ಣನನ್ನು ಬಯಸುವುದಕ್ಕಿಂತ ತಾಯಿ ಹೆಚ್ಚು ಬಯಸುತ್ತಾಳೆ ಎನ್ನುತ್ತೀಯೋ, ತಾಯಿಗೆ ನಿನ್ನ ಮೇಲಿನ ಆಸೆಗಿಂತ ಅಣ್ಣನ ಮೇಲೆ ಹೆಚ್ಚು ಎನ್ನುತ್ತೀಯೋ? ಯಾವುದೆಂದು ಹೇಳು, ತಿದ್ದೋಣ."

ನಾನು ಆ ಸಾಲನ್ನೇ ಮತ್ತೊಮ್ಮೆ ಓದಿದೆ. ನಾನು ಬರೆದದ್ದು ಎರಡನೆಯ ಅರ್ಥದಲ್ಲೇ. ಮೊಸರಿನ ಕೆನೆ ನಿನ್ನ ತಟ್ಟೆಗೆ ಬೀಳುವುದನ್ನು ಚಿಕ್ಕಂದಿನಿಂದ ನೋಡಿದವನು ನಾನು. ಶಾಲೆಯ ಬಾಗಿಲಲ್ಲಿ ನಿಂತಾಗಲೂ ಅಮ್ಮ ನನ್ನ ಕ್ಷೇಮ ಕೇಳಿದ್ದು ಕಾಗದದ ಮಾತು ಮುಗಿದ ಮೇಲೆ. ಆ ಹೊಟ್ಟೆಕಿಚ್ಚು ನನ್ನ ಅರಿವಿಲ್ಲದೆ ದೊರೆಗೆ ಬರೆದ ಅರ್ಜಿಯೊಳಕ್ಕೂ ನುಸುಳಿತ್ತು.

ಆಗ ನನಗೆ ನೀನು ಹೊರಟ ಬೆಳಗು ನೆನಪಾಯಿತು. ಅಪ್ಪ ತೀರಿಕೊಂಡ ಮೇಲೆ ಮನೆಗೊಬ್ಬರು ಮಲೆಯ ಕೆಲಸಕ್ಕೆ ಹೋಗುವುದೆಂದು ಕೇರಿಯಲ್ಲಿ ಮಾತಾಗಿ, ಮೇಸ್ತ್ರಿಗೆ ಕೊಟ್ಟದ್ದು ನನ್ನ ಹೆಸರು. ಹೊಲ ನೋಡಲು ನೀನು ಬೇಕಾಗಿತ್ತು. ಬೆಳಕು ಹರಿಯುವ ಹೊತ್ತಿಗೆ ನೀನು ನನ್ನ ಗಂಟನ್ನು ಹೆಗಲಿಗೆ ಹಾಕಿಕೊಂಡು, "ನೀ ಓದು ಪಾ. ನಾ ಆ ಮಲೆ ನೋಡ್ಕೊಂಡು ಬತ್ತೀನಿ," ಎಂದು ನನ್ನ ತಲೆಯ ಹತ್ತಿರ ಬಗ್ಗಿ ಹೇಳಿ ಹೋದೆ. ನಾನು ನಿದ್ದೆಯಲ್ಲಿದ್ದೇನೆಂದು ನೀನು ತಿಳಿದಿದ್ದೆ ಅಲ್ಲವೇ? ನಾನು ಎಚ್ಚರವಾಗಿದ್ದೆ ಅಣ್ಣ. ಗಾಡಿಯ ಸದ್ದು ಕೆರೆ ಏರಿ ದಾಟುವವರೆಗೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದೆ. ಇದನ್ನು ಯಾರಿಗೂ ಹೇಳಿಲ್ಲ, ಈಗ ನಿನಗೆ ಹೇಳುತ್ತಿದ್ದೇನೆ.

ವಾತಿಯಾರು ಅವಸರ ಮಾಡಲಿಲ್ಲ. ಒಳಗಿನಿಂದ ನೀರು ತರಿಸಿ ಕೊಟ್ಟರು. ಕುಡಿದು ಮುಗಿಸಿ, ಎರಡೂ ಅರ್ಥ ಬೇಡ ಎಂದೆ. "ಹಾಗಾದರೆ ಇರುವುದನ್ನು ಬರೆ," ಎಂದರು. ಸಾಲು ಹೊಡೆದುಹಾಕಿ ಹೊಸದಾಗಿ ಬರೆದೆ: ನನ್ನ ತಾಯಿ ಅವನಿಗಾಗಿ ಎಷ್ಟು ಹಂಬಲಿಸುತ್ತಾಳೋ, ನಾನೂ ಅಷ್ಟೇ ಹಂಬಲಿಸುತ್ತೇನೆ. ವಾತಿಯಾರು ಓದಿ, ಇದರಲ್ಲಿ ತಿದ್ದುವುದೇನೂ ಇಲ್ಲ ಎಂದು ಕಾಗದ ಮಡಿಸಿ ಕೊಟ್ಟರು.

ನಿನ್ನೆ ದೊರೆಯ ಉತ್ತರ ಬಂತು. ನಾಲ್ಕೇ ಸಾಲು. ನಿನ್ನನ್ನು ಇಳಿಸಿ ಕಳುಹಿಸಲು ಅಪ್ಪಣೆಯಾಗಿದೆ! ಬರುವ ಭಾನುವಾರ ಅಣೆಕಟ್ಟಿಗೆ ಸುಣ್ಣ ಇಳಿಸಿ ಮಲೆಯ ಬುಡದ ಗೂಡಲೂರಿಗೆ ತಿರುಗುವ ಬರಿಗಾಡಿಗಳಲ್ಲಿ ನಿನಗೆ ಜಾಗ ಕೊಡುತ್ತಾರೆ. ಹುಲ್ಲು ಹಾಸಿ ಮಲಗಿಕೊಂಡೇ ಬಾ. ಗಾಳಿ ಚೆನ್ನಾಗಿದೆ, ಸ್ವಲ್ಪ ದೂರ ನಡೆಯುತ್ತೇನೆ ಎಂಬ ಹಟ ಬೇಡ. ಗೂಡಲೂರಿನಲ್ಲಿ ಅಮ್ಮನೂ ಅತ್ತಿಗೆಯೂ ನಮ್ಮ ಗಾಡಿ ಕಟ್ಟಿಸಿಕೊಂಡು ಕಾದಿರುತ್ತಾರೆ. ಅತ್ತಿಗೆ ಅತ್ತರೆ ಗದರಬೇಡ. ಅಮ್ಮ ಅಳಲಾರಳು, ನಿನ್ನ ತೋಳು ಹಿಡಿದು ನೋಡಿ ಎಷ್ಟು ಸೊರಗಿದ್ದೀ ಎಂದು ಬೈಯುತ್ತಾಳೆ. ಬೈಸಿಕೊ.

ನಮ್ಮ ಕುಲದೇವರು ನಿನ್ನನ್ನು ಕೈಹಿಡಿದು ಇಳಿಸಲಿ. ನಿನ್ನ ಪಕ್ಕ ಮಲಗಿರುವ ಕಾಯಿಲೆಯವರಿಗೂ, ನಿನಗೆ ನೀರು ಕೊಟ್ಟ ಕೈಗಳಿಗೂ ನನ್ನ ವಂದನೆ ತಿಳಿಸು.

ನಿನ್ನ ತಮ್ಮ,
ದುರೈ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ತಂಗರಾಜ್ ಎತ್ತು ಹೂಡುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ದೊರೆಯ ನಾಲ್ಕನೆಯ ಸಾಲು ಏನೆಂದರೆ, ಕೆಲಸದ ಕಾಲ ಮುಗಿಯುವವರೆಗೆ ಅದೇ ಮನೆಯ ಇನ್ನೊಬ್ಬನು ನಿನ್ನ ಜಾಗದಲ್ಲಿ ನಿಲ್ಲಬೇಕು. ಶನಿವಾರ ನಾನು ಮೇಲೆ ಬಂದಿರುತ್ತೇನೆ. ವಾತಿಯಾರಿಗೆ ಹೇಳಿಯಾಯಿತು, ಪುಸ್ತಕ ಅವರ ಮನೆಯಲ್ಲಿದೆ. ಅಮ್ಮನಿಗೆ ನಾನೇ ಹೋಗಿ ಹೇಳುತ್ತೇನೆ, ನೀನು ಯಾರ ಕೈಯಲ್ಲೂ ಈ ಸುದ್ದಿ ಕಳುಹಿಸಬೇಡ. ನನ್ನನ್ನು ಕಂಡೊಡನೆ ತಿರುಗಿ ಹೋಗೆಂದು ಜಗಳ ತೆಗೆಯಬೇಡ, ಜ್ವರದ ಮೈಯಲ್ಲಿ ನೀನು ಗೆಲ್ಲಲಾರೆ. ನಿನ್ನ ಕಂಬಳಿಯನ್ನು ಮಾತ್ರ ಕೆಳಕ್ಕೆ ತರದೆ ನನಗೆ ಬಿಟ್ಟು ಹೋಗು. ಮೇಲೆ ಚಳಿ ಬಹಳವಂತೆ.