ಮೂವತ್ತೇಳು ಮನೆ

ಹೌನ್ಸ್ಲೋ, ಲಂಡನ್
೧೬ ಜೂನ್ ೨೦೨೫, ಸೋಮವಾರ

ಚಿ. ಸೌ. ಕಾಶವ್ವಳಿಗೆ ಪರಪ್ಪನ ಆಶೀರ್ವಾದಗಳು.

ರೂಢಿಯಂತೆ ಆಶೀರ್ವಾದ ಬರೆದಿದ್ದೇನೆ. ಓದಿ ಮುಗಿಸಿದ ಮೇಲೆ ಈ ಗಂಡನಿಗೆ ಆಶೀರ್ವಾದ ಮಾಡುವ ಯೋಗ್ಯತೆ ಇದೆಯೋ ಇಲ್ಲವೋ ನೀನೇ ತೀರ್ಮಾನ ಮಾಡು. ನಿನ್ನ ಮೊಣಕಾಲು ಹೇಗಿದೆ? ಕಲಬುರಗಿಯ ಸೆಕೆಯಲ್ಲಿ ಬಾಣಂತಿಗೆ ನೀರು ಕಾಯಿಸಿ ಕಾಯಿಸಿ ನೀನೇ ಬೆಂದು ಹೋಗಬೇಡ. ನಮ್ಮ ಇಂದು ಎದ್ದು ಓಡಾಡುತ್ತಿದ್ದಾಳೆಯೇ? ಅವಳ ದೊಡ್ಡ ಮಗನ ಶಾಲೆ ತಪ್ಪುತ್ತದೆ ಎಂದು ಬಾಣಂತನಕ್ಕೆ ಮಗಳು ತವರಿಗೆ ಬರುವ ಬದಲು ತಾಯಿಯೇ ಅಲ್ಲಿಗೆ ಹೋದದ್ದು ನನಗೆ ಇನ್ನೂ ಸರಿಬಂದಿಲ್ಲ. ಆದರೆ ಇವತ್ತು ಅದರ ಮಾತು ಬೇಡ. ನಾನು ಆರೋಗ್ಯವಾಗಿದ್ದೇನೆ. ಬಿಪಿ ಗುಳಿಗೆ ಒಂದೇ ಒಂದು ದಿನ ತಪ್ಪಿದೆ, ಮೊನ್ನೆ ಶನಿವಾರ.

ದಿನಾ ಫೋನು ಇರುವಾಗ ಪತ್ರ ಏಕೆ ಬಂತು ಎಂದು ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ, ಆಗಿರುವುದು ನನಗೊಬ್ಬನಿಗೆ. ಇಂದುವಿನ ಮನೆಯಲ್ಲಿ ನನ್ನ ಫೋನು ಬಂದರೆ ಸ್ಪೀಕರಿಗೆ ಹಾಕಿ ನಡುಮನೆಯಲ್ಲಿಡುತ್ತಾರೆ. ನಾನು ಇಲ್ಲಿ ಕೆಮ್ಮಿದರೆ ಬೀಗರು ಅಲ್ಲಿಂದ ಕಷಾಯ ಹೇಳುತ್ತಾರೆ. ಇದು ಹಾಗೆ ಆಡುವ ಮಾತಲ್ಲ. ಸೊಸೆ ಅಂಕಿತಾಳ ಆಸ್ಪತ್ರೆಯ ಡಾಕ್ಟರ್ ಸತ್ಯಪ್ರಕಾಶ ನಾಳೆ ಬೆಳಿಗ್ಗೆ ಕಲಬುರಗಿಗೆ ಹೊರಟಿದ್ದಾರೆ. ಇವತ್ತು ಸಂಜೆ ಆರಕ್ಕೆ ಬಂದು ಈ ಲಕೋಟೆ ಒಯ್ಯುತ್ತಾರೆ. ಮೂವತ್ತೆರಡು ವರ್ಷ ಧಾರವಾಡದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ, ಯಾವ ಬಸ್ಸು ಎಲ್ಲಿದೆ, ಎಷ್ಟು ನಿಮಿಷ ತಡ ಎಂದು ಕೂತಲ್ಲಿಂದಲೇ ಹೇಳುತ್ತಿದ್ದವನು ನಾನು. ನನ್ನ ಅಡುಗೆಮನೆಯಲ್ಲಿ ಏನು ನಡೆದಿದೆ ಎಂಬುದು ನನಗೆ ತಿಳಿದದ್ದು ಸಮುದ್ರ ದಾಟಿ ಬಂದ ಮೇಲೆ, ಒಂದು ಅಂಗಡಿಯಲ್ಲಿ, ಒಂಬತ್ತು ವರ್ಷದ ಮಗುವಿನ ಬಾಯಿಂದ.

ಮೊದಲಿನಿಂದ ಹೇಳುತ್ತೇನೆ. ನಮ್ಮ ತನ್ಮಯಿ ಶಾಲೆಯಲ್ಲಿ ಪಿಯಾನೋ ಕಲಿಯುತ್ತಿರುವುದು ನಿನಗೆ ಗೊತ್ತು. ನಾನು ಇಲ್ಲಿಗೆ ಬಂದ ವಾರದಲ್ಲೇ ಅವಳ ಟೀಚರು ಒಂದು ಚೀಟಿ ಕಳಿಸಿದರು. ಮಗುವಿನ ಬಲಗೈ ಬಹಳ ಚೆನ್ನಾಗಿದೆ, ಎಡಗೈ ಮಾತ್ರ ಪಿಯಾನೋ ಮೇಲೆ ನಿಲ್ಲುವುದೇ ಇಲ್ಲ, ಗಾಳಿಯಲ್ಲಿ ಹಿಂದೆ ಮುಂದೆ ಆಡುತ್ತಿರುತ್ತದೆ, ಮನೆಗೊಂದು ಪಿಯಾನೋ ತಂದು ಎರಡೂ ಕೈ ರೂಢಿ ಮಾಡಿಸಿ ಎಂದು ಅದರಲ್ಲಿತ್ತು. ನಾನು ಊಟದ ಮೇಜಿನ ಮೇಲೆ ಬಾರಿಸಲು ಹೇಳಿ ಪರೀಕ್ಷೆ ಮಾಡಿದೆ. ಬಲಗೈ ಬೆರಳು ಮೇಜಿನ ಮೇಲೆ ಓಡುತ್ತಿದ್ದರೆ, ಎಡಗೈ ಯಾರೋ ಬಾಗಿಲು ತೆರೆದು ಮುಚ್ಚಿದ ಹಾಗೆ ಹೋಗಿ ಬರುತ್ತಿತ್ತು. ನನ್ನ ಜೀವ ಹಾರಿಹೋಯಿತು. ನರದ ದೋಷವೇ ಸರಿ ಎಂದುಕೊಂಡೆ. ಇಲ್ಲಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ ಎಂದರೆ ಮಗ ಸುಶಾಂತ, ಅಂಕಿತಾ ಇಬ್ಬರೂ ಮುಖ ಮುಖ ನೋಡಿಕೊಂಡರು. ಹೆತ್ತವರಿಗೆ ಇಷ್ಟು ಉದಾಸೀನವೇ ಎಂದು ಬೈದು, ನಾನೇ ಒಂದು ವಾರ ಆ ಪುಟ್ಟ ಕೈಗೆ ಔಡಲೆಣ್ಣೆ ತಿಕ್ಕಿದೆ. ಪಾಪ, ಅದೂ ಅಜ್ಜನಿಗೆ ಬೇಜಾರಾಗಬಾರದು ಎಂದು ಸುಮ್ಮನೆ ತಿಕ್ಕಿಸಿಕೊಂಡಿತು.

ಪಿಯಾನೋ ಇಡಲು ಈ ಫ್ಲ್ಯಾಟಿನಲ್ಲಿ ಜಾಗವಾದರೂ ಎಲ್ಲಿದೆ? ಮಂಚ, ಕಪಾಟು, ಇಸ್ತ್ರಿ ಮೇಜು, ಅವುಗಳ ನಡುವೆ ನಾನು. ಕೆಳಗಿನವರಿಗೆ ಚಮಚ ಬಿದ್ದ ಸದ್ದೂ ಆಗದು. ಸುಶಾಂತ ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ಕೀಬೋರ್ಡು ನೋಡಿಟ್ಟಿದ್ದ. ತನ್ಮಯಿ ಮಾತ್ರ ಸುತ್ತಿಡುವ ಪಿಯಾನೋವೇ ಬೇಕು ಎಂದು ಹಟ ಹಿಡಿದಿದ್ದಳು. ಸುತ್ತಿಡಲು ಅದೇನು ಹಾಸಿಗೆಯೇ ಎಂದು ನಾನು ನಕ್ಕೆ. ಶನಿವಾರ ಸುಶಾಂತನಿಗೆ ಏರ್‌ಪೋರ್ಟಿನಲ್ಲಿ ಪಾಳಿ, ಅಂಕಿತಾಳಿಗೆ ಆಸ್ಪತ್ರೆ. ಅಜ್ಜ ಮೊಮ್ಮಗಳು ಇಬ್ಬರೇ ಟ್ಯೂಬು ರೈಲು ಹಿಡಿದು ಸ್ಟ್ರಾಟ್‌ಫರ್ಡಿಗೆ ಹೋದೆವು. ನಡುವೆ ಒಂದೇ ಬದಲಿ, ಗಾಡಿ ಹೇಳಿದ ನಿಮಿಷಕ್ಕೆ ಸರಿಯಾಗಿ ಬಂತು, ಅಲ್ಲಿಯವರೆಗೆ ಎಲ್ಲ ಸುರಳೀತವಾಗಿಯೇ ಇತ್ತು.

ಅಂಗಡಿಯ ಹುಡುಗಿ ಒಂದು ಡಬ್ಬಿಯಿಂದ ರಬ್ಬರಿನ ಸುರುಳಿ ತೆಗೆದು ಮೇಜಿನ ಮೇಲೆ ಉರುಳಿಸಿದಳು ನೋಡು, ಚಾಪೆ ಬಿಚ್ಚಿದ ಹಾಗೆ ಪಿಯಾನೋ ಬಿಚ್ಚಿಕೊಂಡಿತು. ಒಂದು ತುದಿಗೆ ಸಾಬೂನಿನ ಡಬ್ಬಿಯಷ್ಟು ಪೆಟ್ಟಿಗೆ, ಅದರಲ್ಲೇ ಬ್ಯಾಟರಿ, ಅದರಲ್ಲೇ ಸ್ಪೀಕರು. ಕಿವಿಗೆ ಹಾಕುವ ವೈರು ಚುಚ್ಚಿದರೆ ಹೊರಗೆ ಸದ್ದೇ ಇಲ್ಲ. ನಾನು ಟಯರು ನೋಡುವ ಹಾಗೆ ಬಗ್ಗಿಸಿ, ಒತ್ತಿ, ಮೂಸಿಯೂ ನೋಡಿದೆ. ಆ ಹುಡುಗಿ ಮಾರುವವಳಾದರೂ ನಿಜವನ್ನೇ ಹೇಳಿದಳು. ಇದರ ಪಟ್ಟಿಗಳು ಒತ್ತಿದರೆ ಕೆಳಗಿಳಿಯುವುದಿಲ್ಲ, ಬೆರಳಿಗೆ ಬಲ ಬರುವುದಿಲ್ಲ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ಸದ್ದು. ಗಟ್ಟಿ ಮೇಜಿನ ಮೇಲೇ ಹಾಸಬೇಕು, ಮಡಚಿದರೆ ಕೆಡುತ್ತದೆ, ಸುತ್ತಿಯೇ ಇಡಬೇಕು. ದೊಡ್ಡ ಪರೀಕ್ಷೆಗೆ ಸಾಲದು, ಜಾಗವಿಲ್ಲದವರಿಗೆ, ಕಲಿಯಲು ಶುರು ಮಾಡಿದವರಿಗೆ ಆಗುತ್ತದೆ. ನಲವತ್ತೊಂಬತ್ತು ಪಟ್ಟಿಯದು, ಅರವತ್ತೊಂದರದು, ಎಂಬತ್ತೆಂಟರದು ಎಂದು ಮೂರು ಅಳತೆ ಇದ್ದವು. ತೆಗೆದುಕೊಳ್ಳುವುದಾದರೆ ದೊಡ್ಡದನ್ನೇ ತೆಗೆದುಕೊಳ್ಳಬೇಕು ಎಂದು ನಾನು ಎಂಬತ್ತೆಂಟಕ್ಕೆ ಕೈ ಹಾಕಿದೆ. ತನ್ಮಯಿ ನನ್ನ ಅಂಗಿ ಜಗ್ಗಿ ಎಲ್ಲಕ್ಕಿಂತ ಚಿಕ್ಕದನ್ನು ತೋರಿಸಿದಳು.

“ಅದೂ ಭಾಳ ಆತು ಅಜ್ಜಾ. ಅಜ್ಜೀದು ಥರ್ಟಿ ಸೆವೆನ್ ಮನಿ ಅಷ್ಟ ಅವ,” ಎಂದಳು.

ನಾನು ಬೆವತುಹೋದೆ. ನಮಗೆ ಧಾರವಾಡದಲ್ಲಿರುವುದು ಎರಡು ಕೋಣೆಯ ಒಂದು ಮನೆ. ನನಗೆ ತಿಳಿಯದ ಹಾಗೆ ಈ ಹೆಂಗಸು ಮೂವತ್ತೇಳು ಮನೆ ಎಲ್ಲಿ ಮಾಡಿದಳು ಎಂದು, ದೇವರಾಣೆ, ನಾನು ಒಂದು ಕ್ಷಣ ಕಲಘಟಗಿ ರಸ್ತೆಯ ಲೇಔಟುಗಳನ್ನೆಲ್ಲ ನೆನೆಸಿಕೊಂಡೆ. ಯಾವ ಮನೆ ಎಂದು ಕೇಳಿದೆ. ಮಗು ನಕ್ಕು ರಬ್ಬರಿನ ಮೇಲೆ ಬೆರಳಿಟ್ಟು ತೋರಿಸಿತು. ಬಿಳಿ ಮನೆ ಇಪ್ಪತ್ತೆರಡು, ಕರಿ ಮನೆ ಹದಿನೈದು. ಹಾರ್ಮೋನಿಯಂ ಪೇಟಿಯ ಮನೆಗಳು. ನಿಮ್ಮಪ್ಪ ಮದುವೆಯಲ್ಲಿ ಕೊಟ್ಟ ಪೇಟಿ ನಮ್ಮ ಮನೆಯಿಂದ ಹೋಗಿ ಮೂವತ್ತೊಂಬತ್ತು ವರ್ಷವಾಯಿತು. ಅಜ್ಜಿಯ ಹತ್ತಿರ ಯಾವ ಪೇಟಿಯೂ ಇಲ್ಲ ಎಂದೆ.

“ಪೇಟಿ ಅಲ್ಲಜ್ಜಾ. ಅಜ್ಜೀದೂ ರೋಲ್‌ಅಪ್ಪೇ ಅದ. ಬಟ್ ಅದು ಸೌಂಡ್ ಮಾಡಂಗಿಲ್ಲ.”

ಆಮೇಲೆ ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಅವಳು ಹೇಳುತ್ತಾ ಹೋದಳು. ಅಜ್ಜನಿಗೆ ಇದೆಲ್ಲ ಗೊತ್ತೇ ಇದೆ ಎಂದು ಅವಳ ಎಣಿಕೆ. ನೀನು ನನ್ನ ಹಳೆಯ ಧೋತರದ ಬಿಳಿ ತುಂಡು, ಹರಿದ ಕೊಡೆಯ ಕರಿ ತುಂಡು ಕೂಡಿಸಿ, ಕೌದಿ ಹೊಲಿದ ಹಾಗೆ ಒಂದು ಪೇಟಿ ಹೊಲಿದುಕೊಂಡಿದ್ದೀಯಂತೆ. ಭಾನುವಾರ ನಾನು ಉಂಡು ಮಲಗಿದ ಮೇಲೆ ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹಾಸಿ, ಎದುರಿಗೆ ಫೋನು ನಿಲ್ಲಿಸಿ, ಬೆರಳಿಡುತ್ತಾ ಸ್ವರ ಗುನುಗುತ್ತೀಯಂತೆ. ಅವಳು ಇಲ್ಲಿ ನೋಡಿ ಕಲಿಯುತ್ತಾಳಂತೆ. ಎರಡು ವರ್ಷದಿಂದ. ನಾನು ಆ ಫೋನನ್ನು ಅಜ್ಜಿ ಮೊಮ್ಮಗಳ ಹರಟೆ ಎಂದುಕೊಂಡಿದ್ದೆ. ಹೇಳಿ ಮುಗಿಸಿ ಅವಳು ಆ ರಬ್ಬರಿನ ಮೇಲೆ ನಿನ್ನ ಪಾಠ ಬಾರಿಸಿಯೂ ತೋರಿಸಿದಳು. ಬಲಗೈ ಬಾರಿಸಿತು, ಎಡಗೈ ಪಿಯಾನೋದ ಹಿಂದೆ ಹೋಗಿ ಬರತೊಡಗಿತು. ಎಡಗೈ ಹಾಗೇಕೆ ಎಂದು ಕೇಳಿದೆ.

“ಗಾಳಿ ಹಾಕಬೇಕಲ್ಲಾ ಅಜ್ಜಾ. ಇಲ್ಲಂದ್ರ ಹಾಡು ಸಾಯ್ತದಂತ, ಅಜ್ಜಿ ಹೇಳ್ಯಾಳ.”

ತಿದಿ. ಪೇಟಿಯ ತಿದಿ ಒತ್ತುವ ಕೈ ಅದು. ಅಂಗಡಿಯ ಹುಡುಗಿ ನನಗೆ ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಮದುವೆಯಾದ ಎರಡು ವರ್ಷ ದಿನವೂ ಕಂಡ ಕೈಯನ್ನು ಗುರುತಿಸಲಾರದೆ ಔಡಲೆಣ್ಣೆ ತಿಕ್ಕಿದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಆಮೇಲೆ ಒಂದೊಂದೇ ನೆನಪಾಗತೊಡಗಿತು. ರೊಟ್ಟಿ ಬುಟ್ಟಿಯ ಹಿಂದೆ ಸುತ್ತಿಟ್ಟಿರುತ್ತಿದ್ದ ಆ ಕರಿ ಬಿಳಿ ಪಟ್ಟೆಯ ಬಟ್ಟೆ. ಅದು ಪಾತ್ರೆ ಹಿಡಿಯುವ ಬಟ್ಟೆ ಎಂದೇ ನಾನು ತಿಳಿದಿದ್ದೆ. ಒಂದು ದಿನ ಅದರಲ್ಲಿ ಬಿಸಿ ಹಾಲಿನ ಪಾತ್ರೆ ಇಳಿಸಲು ಹೋದಾಗ ನೀನು ಅದನ್ನು ನನ್ನ ಕೈಯಿಂದ ಕಸಿದುಕೊಂಡೆ, ಹಾಲು ಚೆಲ್ಲಿತು. ಇಷ್ಟು ವರ್ಷದಲ್ಲಿ ನೀನು ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ. ಒಂದು ಹರಕು ಬಟ್ಟೆಗಾಗಿ ಇಷ್ಟು ಸಿಟ್ಟೇ ಎಂದು ನಾನು ಆ ದಿನ ಊಟ ಬಿಟ್ಟಿದ್ದೆ. ನೀನು ಕರೆಯಲೂ ಬರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಸುಶಾಂತನನ್ನು ಕೇಳಿದೆ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಅವನಿಗೆ ಏಳನೆಯ ಇಯತ್ತೆ ಓದುವಾಗಿನಿಂದ ಗೊತ್ತಂತೆ, ಆ ಬಟ್ಟೆಗೆ ಕರಿ ತುಂಡುಗಳನ್ನು ಅಳತೆ ಹಿಡಿದು ಕತ್ತರಿಸಿ ಕೊಟ್ಟವನೇ ಅವನಂತೆ. ಇಂದುವಿಗೆ ಗೊತ್ತು. ಆಮೇಲೆ ಬಂದ ಸೊಸೆಗೂ ಗೊತ್ತು. ನಾನು ಬಂದಾಗಿನಿಂದ ಮೂರು ಭಾನುವಾರವೂ ಹತ್ತು ಗಂಟೆಗೆ ನನ್ನನ್ನು ತರಕಾರಿಗೆ ಕರೆದುಕೊಂಡು ಹೋಗುತ್ತಿದ್ದದ್ದು ಏಕೆಂದು ಆಗ ತಿಳಿಯಿತು. ನನಗೊಬ್ಬನಿಗೇ ಏಕೆ ಹೇಳಲಿಲ್ಲ, ನಾನೇನು ಹುಲಿಯೇ ಎಂದು ಕೇಳಿದೆ.

“ಅವ್ವನ ಬ್ಯಾಡ ಅಂದಿದ್ಲಪ್ಪಾ. ಗೊತ್ತಾದ್ರ ನಿಮ್ಮಪ್ಪ ಪೇಟಿ ಮಠಕ್ಕ ಕೊಟ್ಟದ್ದು ನೆನಸ್ಕೊಂಡು ಕೊರಗ್ತಾರ ಅಂದ್ಲು,” ಎಂದ.

ಕಾಶವ್ವಾ, ನೀನು ಹೆದರಿ ಮುಚ್ಚಿಟ್ಟಿದ್ದರೆ ನಾನು ಸಿಟ್ಟು ಮಾಡಿಕೊಂಡು ಕೂಗಾಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ. ನನಗೆ ನೋವಾಗಬಾರದು ಎಂದು ಮುಚ್ಚಿಟ್ಟಿದ್ದೀಯ. ಇದಕ್ಕೆ ಏನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ. ಸುಶಾಂತನ ಹೆರಿಗೆಗೆ ನೀನು ನರಗುಂದಕ್ಕೆ ಹೋಗಿದ್ದಾಗ ಪೇಟಿಯನ್ನು ಮಠಕ್ಕೆ ಕೊಟ್ಟೆ. ಭಜನೆಗೆ ಬೇಕೆಂದು ಮಠದವರು ಕೇಳಿದರು, ಮಠದವರಿಗೆ ಇಲ್ಲ ಎನ್ನುವುದು ಹೇಗೆ ಎಂದು ನೀನು ಬಂದ ಮೇಲೆ ಹೇಳಿದ್ದೆ. ನೀನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಪೇಟಿ ಇಡುತ್ತಿದ್ದ ಖಾಲಿ ಜಾಗ ನೋಡಿ, “ಆಗಲಿ ಬಿಡ್ರಿ, ಮಠದಾಗ ಇದ್ರ ನಾಕ ಮಂದಿ ಕಿವಿಗೆ ಬೀಳ್ತದ,” ಎಂದೆ. ಆ ಮಾತನ್ನು ನಾನು ನಂಬಿದೆ. ನಂಬಿದರೆ ನನಗೆ ಅನುಕೂಲವಾಗುತ್ತಿತ್ತು.

ತನ್ಮಯಿಗೆ ಅರವತ್ತೊಂದರದು ತೆಗೆದುಕೊಂಡೆವು, ಅವಳ ಎಡಗೈಗೂ ಇನ್ನು ಮನೆಗಳು ಬೇಕಲ್ಲ. ಅದರ ಜೊತೆಗೆ ಚಿಕ್ಕದೊಂದನ್ನು ನಿನಗೆಂದು ಎತ್ತಿಕೊಂಡೆ. ಸತ್ಯಪ್ರಕಾಶರ ಚೀಲದಲ್ಲಿ ಸೀರೆಯಷ್ಟೂ ಜಾಗ ಹಿಡಿಯದು, ಸದ್ದು ಬೇರೆ ಬರುತ್ತದೆ. ಡಬ್ಬಿ ಕಟ್ಟಿಸುವ ಹೊತ್ತಿಗೆ ನಮ್ಮ ಹುಡುಗಿ ಕೇಳಿದಳು, “ನೀ ಅಜ್ಜೀನ ಕೇಳೀಯೇನು?” ನಾನು ಅದನ್ನು ಮೇಜಿನ ಮೇಲಿಟ್ಟೆ. ಕೇಳದೆ ಕೊಟ್ಟದ್ದು ಒಂದು ಸಲ ಆಗಿದೆ, ಕೇಳದೆ ತರುವುದು ಬೇಡ. ಮುಂದಿನ ಶನಿವಾರದವರೆಗೆ ತೆಗೆದಿಡುತ್ತೇನೆ ಎಂದು ಅಂಗಡಿಯ ಹುಡುಗಿ ಹೇಳಿದ್ದಾಳೆ. ಸದ್ದು ಬರುವುದು ನಿನಗೆ ಬೇಕೋ, ನೀನು ಹೊಲಿದುಕೊಂಡದ್ದೇ ಸಾಕೋ, ತಿಳಿಸು. ಬೇಡ ಎಂದರೆ ಬೇಜಾರಿಲ್ಲ. ನಿನ್ನೆ ಭಾನುವಾರ ನೀನು ಫೋನು ಮಾಡುವ ಹೊತ್ತಿಗೆ ನಾನೇ ಕೊಡೆ ತೆಗೆದುಕೊಂಡು ಹೊರಗೆ ಹೋಗಿಬಿಟ್ಟೆ. ಮೊದಲು ಪತ್ರ ನಿನ್ನ ಕೈ ಸೇರಲಿ ಎಂದು ಮಗುವಿಗೂ ಏನೂ ಹೇಳಬೇಡ ಎಂದಿದ್ದೇನೆ.

ಇಂದುವಿಗೆ, ಅವಳ ಮಕ್ಕಳಿಗೆ ನನ್ನ ಆಶೀರ್ವಾದ, ಬೀಗರಿಗೆ ಶರಣು ತಿಳಿಸು. ತನ್ಮಯಿ ಹೊಸ ಕೂಸಿಗೆ ಮುತ್ತು ಹೇಳಿದ್ದಾಳೆ. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ಇಂತಿ, ಇನ್ನೂ ಗಾಬರಿಯಿಂದ ಹೊರಬಾರದ
ಪರಪ್ಪ

ತಾ. ಕ.: ಸತ್ಯಪ್ರಕಾಶರು ಕೆಳಗೆ ಬಂದು ನಿಂತಿದ್ದಾರೆ, ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ಮಠದವರು ಪೇಟಿ ಕೇಳಿರಲಿಲ್ಲ. ನಾನೇ ಹೊತ್ತುಕೊಂಡು ಹೋಗಿ ಕೊಟ್ಟೆ. ಮನೆಯವರನ್ನು ಕೇಳಿದ್ದೀರಾ ಎಂದು ಅವರೇ ವಿಚಾರಿಸಿದರು, ಹೂಂ ಎಂದೆ. ನೀನು ತವರಿಗೆ ಹೋಗುವ ಮುಂಚೆ ಒಂದು ಸಂಜೆ ಡ್ಯೂಟಿ ಮುಗಿಸಿ ಬಂದಾಗ ನೀನು ಕಣ್ಣು ಮುಚ್ಚಿ ಬಾರಿಸುತ್ತಿದ್ದೆ. ನಾನು ಚಪ್ಪಲಿ ಬಿಟ್ಟೆ, ಕೆಮ್ಮಿದೆ, ಕೊಡದಿಂದ ನೀರು ತೆಗೆದು ಕುಡಿದೆ, ನಿನಗೆ ಗೊತ್ತೇ ಆಗಲಿಲ್ಲ. ನನ್ನ ಜೊತೆಗೆ ನೀನು ಅಷ್ಟು ಸುಖವಾಗಿ ಎಂದೂ ಕೂತಿರಲಿಲ್ಲ. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಬೇರೆ ಯಾವ ಕಾರಣವೂ ಇರಲಿಲ್ಲ. ಬೇಕು ಬೇಡವನ್ನು ಇದನ್ನು ಓದಿದ ಮೇಲೆ ಹೇಳು.