ಪರದೆಯ ಮೇಲೆ ಬಂದ ಕೈ

ವಾಡಿ, ಗುರುವಾರ

ಹಾಜಿಮಲಂಗ್ ಚಾಚಾ ಅವರಿಗೆ,

“ಹೋಗಿ ಬರ್ತೀನಿ ಅಂತ ಹೇಳೋದಿಲ್ಲಮ್ಮ, ಹೋಗ್ತೀನಿ ಅಂತಷ್ಟೇ ಹೇಳ್ತೀನಿ.” ಆ ಸಿನಿಮಾದಲ್ಲಿ ರೈಲಿನ ಕಿಟಕಿಯಲ್ಲಿ ಕುಳಿತು ವಸುಧಾ ಹೇಳಿದ್ದು ಇದೇ ಮಾತೋ? ಅಮ್ಮನಿಗೆ ಹೇಳಿದಳೋ, ಅಪ್ಪನಿಗೋ, ಇಲ್ಲಾ ಪ್ಲಾಟ್‌ಫಾರ್ಮಿನ ಮೇಲೆ ಅವಳಿಗೆ ಯಾರೂ ಇರಲೇ ಇಲ್ಲವೋ? ಮೂವತ್ತೊಂದು ವರ್ಷ ಈ ಮಾತನ್ನು ನನ್ನದೇ ಎಂಬಂತೆ ಇಟ್ಟುಕೊಂಡಿದ್ದೇನೆ, ಆದರೆ ಅದರ ಒಂದೊಂದು ಪದದ ಮೇಲೂ ನನಗೆ ಅನುಮಾನ. ಅಂದು ಟಾಕೀಜಿನಲ್ಲಿದ್ದ ಹೆಂಗಸರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಪಾಠ. ಎಲ್ಲರೂ ಒಪ್ಪುವುದು ಒಂದನ್ನೇ: ಅದು ಸಿನಿಮಾದ ಕಟ್ಟಕಡೆಯ ಮಾತು. ಅಲ್ಲವೆಂದು ಗೊತ್ತಾದದ್ದು ಹೋದ ತಿಂಗಳು.

ನಾನು ಯಾರೆಂದು ನಿಮಗೆ ಗೊತ್ತಿರಲಾರದು. ಹೆಸರು ವಂದನಾ. ವಾಡಿ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿದ್ದ ವಿಠ್ಠಲರಾಯರ ಮಗಳು. ಚಿತ್ತಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ನೀವು ನಮ್ಮೂರ ಟಾಕೀಜಿನಲ್ಲಿ ಆಪರೇಟರ್ ಆಗಿದ್ದಾಗ, ೧೯೯೪ರ ಒಂದು ಮಂಗಳವಾರ, ಮೂರನೇ ಸಾಲಿನಲ್ಲಿ ಅವ್ವನ ಪಕ್ಕ ಕುಳಿತಿದ್ದ ಹದಿನೇಳರ ಹುಡುಗಿ ನಾನು. ನೀವು ನನ್ನನ್ನು ನೋಡಿಲ್ಲ. ನಾನೂ ನಿಮ್ಮ ಮುಖ ನೋಡಿಲ್ಲ. ನಿಮ್ಮ ಕೈಯನ್ನು ಮಾತ್ರ ನೋಡಿದ್ದೇನೆ. ಈ ಪತ್ರ ಆ ಕೈಗೆ.

ಆಗ ಹೊಸ ಪಿಚ್ಚರ್ ಬಂದರೆ ಒಂದು ಮಧ್ಯಾಹ್ನದ ಆಟ ಹೆಣ್ಣುಮಕ್ಕಳಿಗೇ ಮೀಸಲಿರುತ್ತಿತ್ತು. ಅಂದು ಅದೆಷ್ಟು ಮಂದಿ. ಮಳಖೇಡದಿಂದ, ನಾಲವಾರದಿಂದ ರೈಲು ಹತ್ತಿ ಬಂದಿದ್ದರು. ಕುರ್ಚಿ ಸಾಲದೆ ಪರದೆಯ ಮುಂದೆ ಚಾಪೆ ಹಾಸಿದ್ದರು. ಪೋಸ್ಟರಿನ ಮೇಲೆ ಇದ್ದ ಹೆಸರು ಬೇರೆ, ನಮ್ಮ ಬಾಯಲ್ಲಿ ಅದು ವಸುಧಾ ಪಿಚ್ಚರ್ ಎಂದೇ ಉಳಿಯಿತು. ಅವ್ವ ನನ್ನನ್ನು ಕರೆತಂದದ್ದಕ್ಕೆ ಕಾರಣವಿತ್ತು. ಶುಕ್ರವಾರ ನಾಲವಾರದ ಹುಡುಗನ ಜೊತೆ ನನ್ನ ನಿಶ್ಚಯ. ಅಪ್ಪ ಮಾತು ಕೊಟ್ಟಾಗಿತ್ತು. ಕಲಬುರಗಿಯ ಕಾಲೇಜಿನ ಫಾರ್ಮು ನನ್ನ ಹಾಸಿಗೆಯ ಕೆಳಗೆ ಖಾಲಿ ಬಿದ್ದಿತ್ತು. “ಗಂಡನ ಮನೀಗಿ ಹೋಗೋದರಾಗ ಒಂದು ಪಿಚ್ಚರ್ ನೋಡ್ಲಿ ಪಾಪ” ಎಂದು ಅಪ್ಪನನ್ನು ಕೇಳಿ ಒಪ್ಪಿಸಿದ್ದಳು.

ಪರದೆಯ ಮೇಲೂ ಅದೇ ಕತೆ. ಓದಬೇಕೆಂಬ ವಸುಧಾ, ಬೇಡವೆನ್ನುವ ಅಪ್ಪ. ಇಬ್ಬರ ಜಗಳ ಜೋರಾಗಿ ನಡೆದಿರುವಾಗಲೇ ಒಮ್ಮೆಲೇ ಅಣ್ಣಂದಿರು ಅವಳನ್ನು ಎಲ್ಲಿಂದಲೋ ಎಳೆದುಕೊಂಡು ಬಂದರು. ಬಾವಿ. ಚಿತೆ. ಇಡೀ ಟಾಕೀಜು ಅಳುತ್ತಿತ್ತು. ಉರಿ ಮೇಲೇರಿತು. ಆಗ ಆ ಉರಿಯ ನಡುವೆ ಒಂದು ದೊಡ್ಡ ಕೈ ಮೂಡಿತು, ಚಾಚಾ. ಐದು ಬೆರಳು, ಮಬ್ಬು ಮಬ್ಬು, ಪರದೆಯ ತುಂಬ. ನಮ್ಮ ಹಿಂದೆ ಕುಳಿತಿದ್ದ ಪಕ್ಕದ ಮನೆಯ ಗುರುಲಿಂಗಮ್ಮ ಎದ್ದುನಿಂತು ಕೈಮುಗಿದರು. ಅವರನ್ನು ನೋಡಿ ಇಪ್ಪತ್ತು ಮೂವತ್ತು ಹೆಂಗಸರು ಕೈಮುಗಿದರು. ಆಮೇಲೆ ಕತ್ತಲು.

ಕರೆಂಟ್ ಹೋಯಿತೆಂದುಕೊಂಡೆವು. ವಾಡಿಯಲ್ಲಿ ಅದೇನು ಹೊಸದೇ? ಯಾರೂ ಏಳಲಿಲ್ಲ. ಕತ್ತಲಲ್ಲೇ ಮೂಗು ಒರೆಸಿಕೊಳ್ಳುತ್ತ, ವಸುಧಾಳ ಅಪ್ಪನನ್ನು ಬಯ್ಯುತ್ತ, ಕಾಲು ಬಡಿಯುತ್ತ ಕುಳಿತೆವು. ಎಷ್ಟೋ ಹೊತ್ತಿನ ಮೇಲೆ ಬೆಳಕು ಬಂತು. ಪರದೆಯ ಮೇಲೆ ನಸುಕು ಹರಿಯುತ್ತಿತ್ತು. ತಲೆ ಮೇಲೆ ಟ್ರಂಕು ಹೊತ್ತು ವಸುಧಾ ನಡೆದು ಬರುತ್ತಿದ್ದಳು.

ಆ ಕ್ಷಣ ಟಾಕೀಜಿನಲ್ಲಿ ಎದ್ದ ದನಿಯನ್ನು ನಾನು ಆಮೇಲೆ ಎಲ್ಲಿಯೂ ಕೇಳಿಲ್ಲ. ಶಿಳ್ಳೆ ಹೊಡೆದವರು ನಮ್ಮ ಅವ್ವಂದಿರು. ಚಾಪೆಯ ಮೇಲಿದ್ದ ಅಜ್ಜಿಯರು ಸೆರಗು ಬೀಸಿದರು. ವಸುಧಾ ರೈಲು ಹತ್ತಿದಳು, ಆ ಮಾತು ಹೇಳಿದಳು, ಕಾಲೇಜಿನ ಮೆಟ್ಟಿಲು ಹತ್ತಿ ಹಿಂದೆ ತಿರುಗಿ ನಕ್ಕಳು. ಪರದೆ ಬೆಳ್ಳಗಾಯಿತು. ಸತ್ತವಳು ಹೇಗೆ ಬಂದಳೆಂದು ಯಾರಿಗೂ ಗೊಂದಲವಾಗಲಿಲ್ಲ. ಆ ಕೈ ಎತ್ತಿ ಕಳಿಸಿತ್ತಲ್ಲ.

ಮನೆಗೆ ಬರುವಾಗ ರೈಲ್ವೆ ಗೇಟಿನ ತನಕ ಅವ್ವ ನನಗಿಂತ ಮುಂದೆ ಮುಂದೆ ನಡೆದಳು. ರೈಲು ಹಾಯಲೆಂದು ಗೇಟು ಹಾಕಿದ್ದರು. ಅಲ್ಲಿ ನಿಂತು ಅಂದಳು: “ಆಕಿ ಸತ್ತ ಮ್ಯಾಲೂ ಕಾಲೇಜಿಗಿ ಹೋದಳು. ನೀ ಜೀವಂತ ಇದ್ದೀಯಲ್ಲ, ನಿನಗೇನು ಧಾಡಿ?”

ಮರುದಿನ ಅಪ್ಪನನ್ನು ಹಠ ಮಾಡಿ ಅದೇ ಪಿಚ್ಚರಿಗೆ ಕರೆದೊಯ್ದಳು. ಇಬ್ಬರೂ ತಿರುಗಿ ಬಂದ ಮೇಲೆ ಅಪ್ಪ ಊಟಕ್ಕೂ ಏಳಲಿಲ್ಲ. ಅವ್ವನ ಕಣ್ಣು ಕೆಂಪಾಗಿದ್ದವು. ಕೇಳಿದ್ದಕ್ಕೆ “ಗಂಡಸರ ಬೀಡಿ ಹೊಗಿ, ಮತ್ತೇನಿಲ್ಲ” ಎಂದಳು. ಮುಂಜಾನೆ ಅಪ್ಪ ನನ್ನ ಮುಖ ನೋಡದೆ, “ಆ ಫಾರ್ಮು ತುಂಬು. ನಾಲವಾರದವರಿಗಿ ನಾ ಹೇಳ್ತೀನಿ” ಎಂದರು.

ಹೀಗೆ ನಾನು ಕಲಬುರಗಿಗೆ ಹೋದೆ, ಎಂ.ಎ. ಮಾಡಿದೆ. ಇಷ್ಟೂ ವರ್ಷ ಪಿಚ್ಚರಿನ ಮಾತು ಬಂದಾಗಲೆಲ್ಲ ಊರ ಗಂಡಸರು ವಸುಧಾ ಕೊನೆಗೆ ಸಾಯುತ್ತಾಳೆ ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಗುರುಲಿಂಗಮ್ಮನವರ ಉತ್ತರ ಸಿದ್ಧವಿರುತ್ತಿತ್ತು: “ಗಂಡಸರು ಕಡೀತನಕ ಎಲ್ಲಿ ಕುಂಡರ್ತಾರ? ಚಿತಿ ಹತ್ತಿದ್ದೇ ತಡ ಬೀಡಿ ಹಚ್ಚಲಿಕ್ಕೆ ಹೊರಗ ಹೋಗಿರ್ತಾರ.”

ಹೋದ ತಿಂಗಳು ನನ್ನ ವಿದ್ಯಾರ್ಥಿನಿ ಸುಶ್ಮಿತಾ ಎಲ್ಲಿಂದಲೋ ಆ ಹಳೆಯ ಸಿನಿಮಾ ಹುಡುಕಿ ತಂದಳು. ಆ ಆಟ ನೋಡಿದವರನ್ನೆಲ್ಲ ಕೂಡಿಸಿ ಮತ್ತೊಮ್ಮೆ ನೋಡೋಣವೆಂದು ನಾನೇ ಕಳೆದ ವರ್ಷದಿಂದ ಓಡಾಡುತ್ತಿದ್ದೆ. ಇಪ್ಪತ್ತೆರಡು ಮಂದಿ ಸಿಕ್ಕಿದ್ದಾರೆ, ಫೋನು ಒಂದು ನಿಮಿಷ ಸುಮ್ಮನಿರುವುದಿಲ್ಲ. ಸುಶ್ಮಿತಾ ಮೊದಲೇ ನೋಡಿ ಬಂದು, “ಮೇಡಂ, ನೀವು ಹೇಳಿದ ಕತಿ ಇದರಾಗ ಇಲ್ರಿ” ಎಂದಳು. ಮೊದಲು ರೈಲು, ಆಮೇಲೆ ಬಾವಿ. ಚಿತೆಯ ಮೇಲೆ “ಶುಭಂ”. ಕೈ ಎಲ್ಲಿಯೂ ಇಲ್ಲ.

ಆಗ ಶೌಕತ ಅಲಿಯವರನ್ನು ಹುಡುಕಿಕೊಂಡು ಹೋದೆ. ಶಹಾಬಾದಿನ ಟಾಕೀಜಿಗೂ ನಮ್ಮದಕ್ಕೂ ಒಂದೇ ಪ್ರಿಂಟು, ಅಲ್ಲಿ ಓಡಿದ ರೀಲನ್ನು ಇಲ್ಲಿಗೆ ಮೋಟರ್ ಸೈಕಲ್ ಮೇಲೆ ತರುತ್ತಿದ್ದವರು ಅವರೇ ಅಲ್ಲವೇ? ಅವರು ತಲೆ ತಗ್ಗಿಸಿ ಹೇಳಿದರು: “ಗಲ್ತಿ ನಂದು ಅಕ್ಕೋರ, ತಪ್ಪು ನಂದೇ. ಅವಸರದಾಗ ಹದಿಮೂರನೇ ರೀಲಿನ ಡಬ್ಬಿ ಅಲ್ಲೇ ಬಿಟ್ಟು ಹದಿನಾಲ್ಕನೇದು ತಂದೆ. ನಾ ತಿರುಗಿ ಹೋಗಿ ತರೋತನಕ ಹೆಣ್ಣುಮಕ್ಕಳು ಎದ್ದು ಹೋಗಬಾರದು ಅಂತ ಚಾಚಾ ಅದನ್ನೇ ಹಚ್ಚಿದ್ರು. ‘ಶುಭಂ’ ಬರೋ ಹೊತ್ತಿಗಿ ಬೆಳಕಿಗಿ ಕೈ ಅಡ್ಡ ಹಿಡದ್ರು. ಮರುದಿನದ ಆಟ ಮುಗದ ಮ್ಯಾಲ ಮಾಲಕ ಬೈದ ನೋಡ್ರಿ, ಚಾಚಾ ಕೆಲಸ ಬಿಟ್ಟು ಚಿಂಚೋಳಿಗಿ ಮಗಳ ಮನೀಗಿ ಹೋದ್ರು. ಮತ್ತ ಯಾವ ಟಾಕೀಜಿನ ಮೆಟ್ಟಲಾ ಹತ್ತಿಲ್ಲ.”

ಮೂರು ದಿನ ನನಗೆ ಏನೂ ಓದಲಾಗಲಿಲ್ಲ. ನಿಜ ಹೇಳುತ್ತೇನೆ, ಮೋಸಹೋದೆ ಅನ್ನಿಸಿತು. ಹಾದಿ ತಪ್ಪಿದ ಒಂದು ಡಬ್ಬಿಯ ಮೇಲೆ ನಾನು ಇಡೀ ಬದುಕು ಕಟ್ಟಿಕೊಂಡೆನೇ? ಎಷ್ಟೋ ಸಲ ಕವಿತೆಯ ಕೊನೆಯ ಸಾಲನ್ನು ಮೊದಲು ಓದಿ, ಆಮೇಲೆ ಮೇಲಕ್ಕೆ ಹೋಗುವವಳು ನಾನು. ಆದರೆ ಅದು ನನಗೆ ಗೊತ್ತಿದ್ದು ಮಾಡುವ ಕೆಲಸ.

ನಾಲ್ಕನೆಯ ದಿನ ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದೆ. ಅರ್ಧಕ್ಕೆ ನಿಂತೆ. ಅವ್ವನ ಕೆಂಪು ಕಣ್ಣು ನೆನಪಾಯಿತು. ಬುಧವಾರ ನೀವು ರೀಲುಗಳನ್ನು ಸರಿಯಾಗಿಯೇ ಓಡಿಸಿದ್ದಿರಿ. ಅಪ್ಪ ನೋಡಿದ್ದು ಎಳೆತಂದ ಮಗಳು ಬಾವಿಗೆ ಬಿದ್ದದ್ದನ್ನು. ಅವರು ಹೆದರಿ ಒಪ್ಪಿದರು, ನಾನು ಧೈರ್ಯದಿಂದ ಹೊರಟೆ. ಎರಡೂ ಆಟ ನೋಡಿದವಳು ಅವ್ವ ಒಬ್ಬಳೇ. ಸರಿಯಾದ ಕೊನೆ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನನಗೆ ನಿಮ್ಮ ಕೊನೆಯನ್ನೇ ಉಳಿಸಿದಳು, ಸಾಯುವ ತನಕ ಬಾಯಿ ಬಿಡಲಿಲ್ಲ. ಚಾಚಾ, ಇದು ಹೊಳೆದ ಮೇಲೆ ನನಗೆ ಕುಳಿತಲ್ಲಿ ಕೂರಲಾಗುತ್ತಿಲ್ಲ. ಅಂದು ತರಗತಿಯ ಹುಡುಗಿಯರು ನನ್ನನ್ನೇ ನೋಡುತ್ತಿದ್ದರು, ನಾನು ನಗುತ್ತಿದ್ದೆನಂತೆ.

“ಆ ಹೆಣ್ಣುಮಕ್ಕಳಿಗಿ ಮೋಸ ಮಾಡೀನಿ, ಮಾರಿ ಹ್ಯಾಂಗ ತೋರಸ್ಲಿ? ಅದೇ ಗಲ್ತಿ ಮತ್ತ ಮಾಡು ಅಂತ ಕರೀಬ್ಯಾಡ್ರಿ” ಎಂದು ನೀವು ಶೌಕತ ಅಲಿಯವರಿಗೆ ಫೋನಿನಲ್ಲಿ ಹೇಳಿದಿರಂತೆ. ಎರಡು ಸಲ ಕರೆದರೂ ಒಲ್ಲೆ ಅಂದಿರಂತೆ. ಅದಕ್ಕೇ ಈ ಪತ್ರ. ನೀವು ಮೋಸ ಅನ್ನುವ ಕೊನೆಯನ್ನೇ, ಎರಡೂ ಆಟ ಕಣ್ಣಾರೆ ನೋಡಿ, ತೂಗಿ, ಮಗಳಿಗಾಗಿ ಆರಿಸಿಕೊಂಡ ತಾಯಿ ಒಬ್ಬಳಿದ್ದಳು. ಅವಳಿಗಿಂತ ದೊಡ್ಡ ಸಾಕ್ಷಿ ನನ್ನಲ್ಲಿ ಇಲ್ಲ. ಉಳಿದ ಇಪ್ಪತ್ತೆರಡು ಮಂದಿಗೂ ನಿಜ ಹೇಳಿದೆ. ಒಬ್ಬರೂ ಬೇಸರಪಡಲಿಲ್ಲ. ಮಳಖೇಡದ ಒಬ್ಬರು ಅಂದದ್ದು ಹೀಗೆ: “ದೇವರ ಕೈ ಅಂತ ಮುಗದಿದ್ವಿ. ಮನುಷ್ಯಾಂದು ಅಂದ್ರ ಇನ್ನಾ ಚಲೋ ಆತು, ನೋಡಲಿಕ್ಕ ಸಿಗ್ತದ.”

ಈ ಭಾನುವಾರ ಮಧ್ಯಾಹ್ನ ಮೂರಕ್ಕೆ, ಇಲ್ಲಿನ ಸಮುದಾಯ ಭವನದಲ್ಲಿ ಆಟ. ನಿಮ್ಮ ಜೋಡಣೆಯಲ್ಲೇ: ಮೊದಲು ಹದಿನಾಲ್ಕು, ಆಮೇಲೆ ಹದಿಮೂರು. “ಶುಭಂ” ಅಕ್ಷರ ಬರುವ ಮುಂಚೆ ತಾನೇ ಕತ್ತರಿಸಿಬಿಡುತ್ತೇನೆ ಎಂದಳು ಸುಶ್ಮಿತಾ. ಬೇಡವೆಂದೆವು. ಅಲ್ಲಿ ನಿಮ್ಮ ಕೈಯೇ ಬರಬೇಕು. ಪ್ರೊಜೆಕ್ಟರಿನ ಪಕ್ಕ ಕುರ್ಚಿ ಹಾಕಿರುತ್ತೇವೆ. ಎಪ್ಪತ್ತೊಂಬತ್ತರ ಕೈ ನಡುಗಿದರೆ ನಡುಗಲಿ. ನೀವು ಬಾರದಿದ್ದರೆ ಆ ಉರಿ ನಿಲ್ಲುವುದು “ಶುಭಂ” ಮೇಲೆಯೇ. ಅದನ್ನು ನೋಡಲು ನನಗೆ ಮನಸ್ಸಿಲ್ಲ. ಹಾಗಾದರೆ ಆಟವನ್ನೇ ನಿಲ್ಲಿಸುತ್ತೇನೆ.

ಪತ್ರವನ್ನು ನಾಳೆ ಶೌಕತ ಅಲಿಯವರೇ ಬಸ್ಸಿನಲ್ಲಿ ತರುತ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ, ಅವರು ಬಿಟ್ಟುಬಂದ ಡಬ್ಬಿಯಲ್ಲಿ ನನ್ನ ಕಾಲೇಜಿತ್ತು.

ಬೆಳಕಿಗೆ ಅಡ್ಡವಾಗಿಯೂ ಬೆಳಕು ಕೊಟ್ಟ ಆ ಕೈ ನೂರು ವರ್ಷ ಗಟ್ಟಿಯಾಗಿರಲಿ.

ಮೂರನೇ ಸಾಲಿನ ಹುಡುಗಿ,
ವಂದನಾ

ತಾ.ಕ.: ಲಕೋಟೆ ಅಂಟಿಸುವಾಗ ಗುರುಲಿಂಗಮ್ಮನವರು ಬಾಗಿಲಿಗೆ ಬಂದರು. ಏನು ಬರೆದಿದ್ದೇನೆಂದು ಓದಿಸಿಕೊಂಡರು. ಒಳಗೆ ಬರ್ರಿ ಎಂದರೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ: “ಆಟ ನಿಲ್ಲಸ್ತಾಳಂತ, ಹುಚ್ಚಿ. ಇಷ್ಟು ಉದ್ದ ಬರದು ಬರ್ರಿ ಬರ್ರಿ ಅಂದ್ರ ಮರ್ಯಾದಸ್ತರು ಇನ್ನಾ ನಾಚ್ತಾರ. ಬರೂದಿಲ್ಲ ಅಂದ್ರ ಅಡ್ಡಿಯಿಲ್ಲ ಅಂತ ಬರಿ. ಐತವಾರ ಮುಂಜಾನಿ ಏಳಕ್ಕ ಎರಡು ಕ್ರೂಸರ್ ಗಾಡಿ ಹೇಳೀನಿ, ಪಿಚ್ಚರ್ ಮಷಿನ್ ಹಾಕ್ಕೊಂಡು ಇಪ್ಪತ್ತೆರಡೂ ಮಂದಿ ಚಿಂಚೋಳಿಗೇ ಹೊಂಟೀವಿ. ಕತ್ತಲಾದ ಮ್ಯಾಲ ಆಟ ಹಚ್ಚಲಿಕ್ಕ ಅವರ ಮನಿ ಮುಂದಿನ ಗ್ವಾಡಿಗಿ ಸುಣ್ಣ ಹಚ್ಯಾರೇನು, ಅಷ್ಟು ಕೇಳು.”