ತಟ್ಟೆಗೆ ಹಾಕಿದ ಆರು ಉಂಡೆ

೧೪ನೇ ತಾರೀಕು, ಮಂಗಳವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಹಿಂದಿನ ಸಾಲಿನಲ್ಲಿ ಆಕಳಿಸುತ್ತ ಕೂತಿರುವ ನನ್ನ ಒಬ್ಬಳೇ ಅಕ್ಕನೇ,

ನಮಸ್ಕಾರ. ಪತ್ರ ಎರಡು ವಾರ ತಡವಾದದ್ದನ್ನು ಸಭೆ ಮನ್ನಿಸಬೇಕು. ಆಸ್ಪತ್ರೆಯ ಅಡುಗೆಮನೆಯಲ್ಲಿ ಇಬ್ಬರು ರಜೆ. ನೂರಿಪ್ಪತ್ತು ತಟ್ಟೆಗಳ ಪಥ್ಯದ ಚೀಟಿಯನ್ನು ನಾನೊಬ್ಬನೇ ಬರೆಯುತ್ತಿದ್ದೇನೆ. ಕೆಲವರಿಗೆ ಉಪ್ಪು ಕಡಿಮೆ, ಕೆಲವರಿಗೆ ಎಣ್ಣೆ ಕಡಿಮೆ, ನನಗೆ ನಿದ್ದೆ ಕಡಿಮೆ.

ಅಮ್ಮನ ಸುದ್ದಿ ಕೇಳಿದ್ದೀಯ. "ರಕ್ತ ಕಮ್ಮಿ ಇದೆ, ಪ್ರೋಟೀನ್ ಹೋಗ್ಲೇಬೇಕು" ಎಂದು ಡಾಕ್ಟರು ಹೇಳಿದ ಮೇಲೆ ಮನೆಯಲ್ಲಿ ದಿನವೂ ಕೈಮಾ ಉಂಡೆ, ಅನ್ನ. ನಮಗೆ ಜ್ವರ ಬಿಟ್ಟ ದಿನ ಅವಳು ಮಾಡಿಕೊಡುತ್ತಿದ್ದುದೇ. ನೆನೆಸಿದ ಬ್ರೆಡ್ಡು, ಈರುಳ್ಳಿ, ಒಂದು ಮೊಟ್ಟೆ. ಉಂಡೆ ಒಡೆಯದಿರಲು ಅಂಗೈ ಒದ್ದೆ. ಆರು ಉಂಡೆ, ಒಂದು ಬಟ್ಟಲು ಅನ್ನ ಎಂದರೆ ಪ್ರೋಟೀನು ಮೂವತ್ತು ಗ್ರಾಂ, ಕಬ್ಬಿಣಾಂಶ ಬೇರೆ. ಕ್ಯಾಲರಿ ಐನೂರು, ಅಮ್ಮನ ತಕರಾರು ಲೆಕ್ಕವಿಲ್ಲದಷ್ಟು.

ನಿನ್ನೆ ತಟ್ಟೆ ಇಟ್ಟೆ.

"ಏನೋ ಇದು, ಗೋಲಿ ಆಡಕ್ಕೆ ಕೊಟ್ಟಿದೀಯಾ?"

"ಆಡಮ್ಮ. ಗೆದ್ದಿದ್ದನ್ನ ನುಂಗು."

"ಉಪ್ಪೇ ಇಲ್ವಲ್ಲೋ."

"ಆಸ್ಪತ್ರೆ ಕೈ ಕಣಮ್ಮ, ತಾನಾಗೇ ಕಮ್ಮಿ ಹಾಕತ್ತೆ."

ನಕ್ಕಳು. ನಕ್ಕದ್ದಕ್ಕೇ ಸುಸ್ತಾಗಿ ದಿಂಬಿಗೆ ಒರಗಿದಳು. ನೀನು ಯಾವಾಗ ಬರುತ್ತೀಯೆಂದು ಕೇಳಿ, ತಾನೇ ಉತ್ತರವನ್ನೂ ಹೇಳಿದಳು: "ಪಾಪ, ಟೀಚರಮ್ಮಂಗೆ ಪರೀಕ್ಷೆ ಇರತ್ತೆ. ನಾನು ಚೆನ್ನಾಗಿದೀನಿ ಅಂತ ಬರಿ."

ನೀನೂ ಕಳೆದ ಪತ್ರದಲ್ಲಿ ಬರೆದಿದ್ದೆ: "ಆರು ಉಂಡೆ ತಿಂತಾಳೆ ಅಂದ್ರೆ ಗಟ್ಟಿಯಾಗಿದಾಳೆ ಬಿಡೋ. ಪರೀಕ್ಷೆ ಮುಗಿಸಿ ಮುಂದಿನ ತಿಂಗಳು ಬರ್ತೀನಿ."

ನಮ್ಮ ಅಡುಗೆಮನೆಯ ಒಂದು ಪದ್ಧತಿಯನ್ನು ನಿನಗೆ ಹೇಳಿರಲಿಲ್ಲ. ಚೀಟಿಯಲ್ಲಿ ನಾವು ಬರೆಯುವುದು ತಟ್ಟೆಗೆ ಹಾಕಿದ್ದನ್ನು. ವಾಪಸು ಬಂದ ತಟ್ಟೆಯಲ್ಲಿ ಎಷ್ಟು ಉಳಿದಿತ್ತೆಂದು ಯಾರೂ ಬರೆಯುವುದಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ, ಕೈ ಬಿಡುವುದಿಲ್ಲ.

ಭಾವನಿಗೆ ನಮಸ್ಕಾರ. ಮಕ್ಕಳು ನಮ್ಮೆಲ್ಲರಿಗಿಂತ ಚೆನ್ನಾಗಿ ಉಣ್ಣಲಿ, ಅದೇ ನನ್ನ ಆಶೀರ್ವಾದ.

ನಿನ್ನ ತಮ್ಮ

ಮರೆತ ಮಾತು: ಸಭೆ ಮುಗಿಯಿತು, ಅಕ್ಕ. ಆರು ಎಂದು ಬರೆದದ್ದೆಲ್ಲ ನಾನು ಬಡಿಸಿದ್ದು. ಅವಳು ತಿನ್ನುತ್ತಿದ್ದುದು ಅರ್ಧ ಉಂಡೆ. ನಾಲ್ಕು ದಿನದಿಂದ ಅದೂ ಇಲ್ಲ, ನಾಲಿಗೆಗೆ ತಾಗಿಸಿ ಇಟ್ಟುಬಿಡುತ್ತಾಳೆ. ಉಳಿದದ್ದನ್ನು ಸಿಂಕಿನ ಮುಂದೆ ನಿಂತು ನಾನೇ ತಿನ್ನುತ್ತಿದ್ದೇನೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಪರೀಕ್ಷೆ ಮುಗಿಯುವ ತನಕ ಕಾಯಬೇಡ. ಬಾ.